ಪ್ರಿಡಿ ಊರಿನ ಕೆಳಗೆ: ಕೇವಿಂಗ್ ಕ್ಲಬ್ ಜೊತೆ ಒಂದು ಲಾಂಗ್ ವೀಕೆಂಡ್

ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಮೆಂಡಿಪ್ ಬೆಟ್ಟಗಳು. ಬೆಟ್ಟ ಅಂದ ಕೂಡಲೇ ಕುದುರೆಮುಖ, ಮುಳ್ಳಯ್ಯನಗಿರಿ ನೆನಪಿಸಿಕೊಳ್ಳಬೇಡಿ. ಮುನ್ನೂರು ಮೀಟರ್ ಚಿಲ್ಲರೆ ಎತ್ತರದ ಹಸಿರು ಬಯಲು ಅಷ್ಟೇ. ಕಲ್ಲಿನ ಬೇಲಿ, ಕುರಿ, ಹಸು, ಜೋರು ಗಾಳಿ. ಮೇಲೆ ನಿಂತು ನೋಡಿದರೆ ಕಣ್ಣಿಗೆ ಬೀಳುವಂಥದ್ದು ಜಾಸ್ತಿ ಏನೂ ಇಲ್ಲ. ಇರೋದೆಲ್ಲ ಒಳಗೆ. ಇಡೀ ಬೆಟ್ಟದಲ್ಲಿ ಬಹುಪಾಲು ಸುಣ್ಣದಕಲ್ಲು, ಅದನ್ನು ನೀರು ಲಕ್ಷಾಂತರ ವರ್ಷ ಕರಗಿಸಿ ಕೊರೆದ ಗುಹೆಗಳು.

ಬೆಂಗಳೂರಿನಲ್ಲಿದ್ದಾಗ ಆಂಧ್ರದ ಬೇಲಂ ಗುಹೆಗೆ ಹೋಗಿದ್ದೆ. ನಮ್ಮಲ್ಲಿ ಎಷ್ಟೋ ಜನ ಹೋಗಿ ಬಂದಿರುತ್ತೀರಿ. ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಉದ್ದದ ಗುಹೆ. ಅದರಲ್ಲಿ ನಮಗೆ ತೋರಿಸುವುದು ಅರ್ಧದಷ್ಟು. ಮೆಟ್ಟಿಲು, ದೀಪ, ಗಾಳಿ ಬರಲು ಕೊಳವೆ ಎಲ್ಲಾ ಇದೆ. ಅಲ್ಲಿ ಒಂದು ಕಡೆ ದೀಪ ಮುಗಿದು ಕತ್ತಲು ಶುರುವಾಗುವ ಜಾಗದಲ್ಲಿ ನಿಂತಾಗ, ಇದರ ಮುಂದೆ ಹೋಗುವವರು ಯಾರು, ಹೇಗೆ ಹೋಗುತ್ತಾರೆ ಅನ್ನೋ ಪ್ರಶ್ನೆ ಬಂದಿತ್ತು. ಉತ್ತರ ಸಿಕ್ಕಿದ್ದು ಇಲ್ಲಿಗೆ ಬಂದ ಮೇಲೆ. ಹೋಗುವವರು ನನ್ನ ನಿಮ್ಮ ಥರದವರೇ. ನರ್ಸು, ಪ್ಲಂಬರು, ಮೇಷ್ಟ್ರು, ಸಾಫ್ಟ್‌ವೇರ್‌ನವರು. ಹೋಗುವುದು ಕ್ಲಬ್ ಮೂಲಕ.

ಮೆಂಡಿಪ್ ಸುತ್ತಮುತ್ತ ಕೇವಿಂಗ್ ಕ್ಲಬ್‌ಗಳಿಗೆ ನೂರು ವರ್ಷದ ಚರಿತ್ರೆ ಇದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸೊಸೈಟಿ ಶುರುವಾಗಿದ್ದು 1919ರಲ್ಲಿ. ವೆಸೆಕ್ಸ್ ಕೇವ್ ಕ್ಲಬ್ 1934ರಲ್ಲಿ, ಬ್ರಿಸ್ಟಲ್ ಎಕ್ಸ್‌ಪ್ಲೊರೇಶನ್ ಕ್ಲಬ್ 1935ರಲ್ಲಿ. ಇನ್ನೂ ಹಲವು ಇವೆ. ನಾನು ಸೇರಿದ್ದು ಮನೆಗೆ ಹತ್ತಿರದ ಒಂದು ಚಿಕ್ಕ ಕ್ಲಬ್‌ಗೆ. ಮೊದಲು ವಾರದ ನಡುವೆ ಪಬ್‌ನಲ್ಲಿ ಭೇಟಿ. ಆಮೇಲೆ ಒಂದು ಮರದ ಕೊಂಬೆಗೆ ಹಗ್ಗ ಕಟ್ಟಿ ಏಣಿ ಹತ್ತುವ ಅಭ್ಯಾಸ. 'ಮೊದಲು ನಮ್ಮ ಜೊತೆ ಬಂದು ನೋಡಿ, ಇಷ್ಟ ಆದರೆ ಆಮೇಲೆ ಸದಸ್ಯರಾಗಿ' ಅಂದರು. ಮೇ ಕೊನೆಯಲ್ಲಿ ಬರುವ ಬ್ಯಾಂಕ್ ಹಾಲಿಡೇ ವೀಕೆಂಡ್‌ಗೆ ಪ್ರಿಡಿ ಹಳ್ಳಿ ಹತ್ತಿರದ ಗುಡಿಸಲಿನಲ್ಲಿ ಮೂರು ರಾತ್ರಿ ಉಳಿಯುವ ಪ್ಲಾನ್ ಆಯಿತು.

ಶುಕ್ರವಾರ

ಇಲ್ಲಿನವರು ಅದನ್ನು ಹಟ್ ಅಂತಲೇ ಕರೆಯುತ್ತಾರೆ. ಕಲ್ಲಿನ ಕಟ್ಟಡ, ಒಳಗೆ ಉದ್ದಕ್ಕೂ ಮರದ ಅಟ್ಟ, ಅದರ ಮೇಲೆ ಸಾಲಾಗಿ ಹಾಸಿಗೆ. ಒಂದು ದೊಡ್ಡ ಅಡುಗೆಮನೆ. ಬಟ್ಟೆ ಬದಲಾಯಿಸಲು ಬೇರೆ ಕೋಣೆ, ಅಲ್ಲಿ ಹಸಿ ಮಣ್ಣಿನ ವಾಸನೆ. ಗೋಡೆ ತುಂಬಾ ಗುಹೆಗಳ ನಕ್ಷೆ. ಈ ನಕ್ಷೆಗಳ ಮುಂದೆ ನಾನು ತುಂಬಾ ಹೊತ್ತು ನಿಂತೆ. ಒಂದೊಂದು ಗೆರೆ ಹಿಂದೆಯೂ ಯಾರೋ ಒಬ್ಬರು ಕೆಸರಿನಲ್ಲಿ ಮಲಗಿ ದಿಕ್ಸೂಚಿ ನೋಡಿ, ಟೇಪು ಹಿಡಿದು ಅಳತೆ ಬರೆದಿದ್ದಾರೆ. ಈಗ ಲೇಸರ್ ಬಂದಿದೆ. ಆದರೂ ಆ ಜಾಗಕ್ಕೆ ಒಬ್ಬರು ತೆವಳಿಕೊಂಡು ಹೋಗಲೇಬೇಕು. ಉಪಗ್ರಹಕ್ಕೆ ಕಾಣುವ ಜಾಗ ಅಲ್ಲವಲ್ಲ ಅದು.

ಸಾಮಾನು ಕೊಡುವ ಜವಾಬ್ದಾರಿ ಹೊತ್ತವರು ನಿವೃತ್ತ ಭೂಗೋಳ ಮೇಷ್ಟ್ರು. ಎಪ್ಪತ್ತು ದಾಟಿದ ವಯಸ್ಸು. ಈಗಲೂ ವಾರಕ್ಕೊಮ್ಮೆ ನೆಲದೊಳಗೆ ಹೋಗುತ್ತಾರೆ. ಹೆಲ್ಮೆಟ್, ಲ್ಯಾಂಪ್, ಬೆಲ್ಟು, ಒಳಗೆ ಹಾಕಲು ಉಣ್ಣೆಯಂಥ ಬಟ್ಟೆಯ ಫರ್ರಿ ಸೂಟು, ಅದರ ಮೇಲೆ ಹರಿಯದ ದಪ್ಪ ಓವರ್‌ಸೂಟು, ಮೊಣಕಾಲಿಗೆ ಪ್ಯಾಡು. ಎಲ್ಲಾ ಕ್ಲಬ್‌ದೇ. ನಾನು ತಂದಿದ್ದು ರಬ್ಬರಿನ ವೆಲ್ಲಿಂಗ್ಟನ್ ಬೂಟು ಮಾತ್ರ. ಹೊಸಬರು ಶುರುವಿನಲ್ಲೇ ದುಬಾರಿ ಸಾಮಾನು ಕೊಳ್ಳಬಾರದು ಅಂತ ಅವರ ಕಟ್ಟುನಿಟ್ಟಿನ ಮಾತು.

ಅವರ ಕಪಾಟಿನಲ್ಲಿ ಹಳೇ ಹಿತ್ತಾಳೆಯ ಕಾರ್ಬೈಡ್ ದೀಪ ಇತ್ತು. ನಮ್ಮಲ್ಲಿ ಮಾವು ಬೇಗ ಹಣ್ಣಾಗಲಿ ಅಂತ ಹಾಕುತ್ತಾರಲ್ಲ, ಅದೇ ಕಾರ್ಬೈಡ್. ಮೇಲಿನ ಡಬ್ಬಿಯಿಂದ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಸಣ್ಣ ತೂತಿನಲ್ಲಿ ಉರಿ ಹತ್ತುತ್ತದೆ. ಅದರ ಬೆಳಕಿನಲ್ಲೇ ಇವರು ಅರ್ಧ ಜೀವನ ಗುಹೆ ನೋಡಿದ್ದಾರೆ. ನಮಗೆ ಈಗ ಎಲ್‌ಇಡಿ. ಒಂದು ಚಾರ್ಜಿಗೆ ದಿನ ಪೂರ್ತಿ ಬರುತ್ತದೆ. ಆದರೂ ಪ್ರತಿಯೊಬ್ಬರ ಹತ್ತಿರ ಇನ್ನೊಂದು ದೀಪ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ.

ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು. ಈ ಹಟ್‌ನಲ್ಲಿ ಅದಕ್ಕಿಂತ ಮುಖ್ಯವಾದ ವಸ್ತು ಇನ್ನೊಂದಿಲ್ಲ. ಯಾವ ಗುಹೆ, ಎಷ್ಟು ಜನ, ಯಾವ ದಾರಿ, ಎಷ್ಟು ಗಂಟೆಗೆ ಹೊರಗೆ ಬರುತ್ತೇವೆ, ಎಷ್ಟು ಗಂಟೆಯಾದರೂ ಬರದಿದ್ದರೆ ಸಹಾಯಕ್ಕೆ ಕರೆಯಬೇಕು. ಇದೆಲ್ಲ ಬರೆಯದೆ ಯಾರೂ ಹೊರಡುವಂತಿಲ್ಲ. ನೆಲದೊಳಗೆ ಫೋನ್ ಕೆಲಸ ಮಾಡಲ್ಲ. ಮೇಲೆ ಒಬ್ಬರು ಗಡಿಯಾರ ನೋಡುತ್ತಾ ಇರಬೇಕು. ಅವರು ಫೋನ್ ಮಾಡಿದರೆ ಬರುವುದು ಮೆಂಡಿಪ್ ಕೇವ್ ರೆಸ್ಕ್ಯೂ. 1936ರಿಂದ ಇರುವ ಸಂಸ್ಥೆ. ಅಲ್ಲಿ ಸಂಬಳಕ್ಕೆ ಕೆಲಸ ಮಾಡುವವರು ಯಾರೂ ಇಲ್ಲ, ಎಲ್ಲರೂ ಇದೇ ಕ್ಲಬ್‌ಗಳ ಜನ. ನಾಳೆ ನೀವು ಸಿಕ್ಕಿಹಾಕಿಕೊಂಡರೆ ಹಾಸಿಗೆಯಿಂದ ಎದ್ದು ಬರುವವರು ಇವತ್ತು ರಾತ್ರಿ ನಿಮ್ಮ ಪಕ್ಕ ಕೂತು ಊಟ ಮಾಡುತ್ತಿರುವವರೇ.

ಶನಿವಾರ

ಹೊಸಬರನ್ನು ಮೊದಲು ಕರೆದುಕೊಂಡು ಹೋಗುವುದು ಬರಿಂಗ್‌ಟನ್ ಕೂಂಬ್ ಅನ್ನೋ ಕಣಿವೆಯ ಗೋಟ್‌ಚರ್ಚ್ ಗುಹೆಗೆ. ಕಣಿವೆಯ ರಸ್ತೆ ಪಕ್ಕದಲ್ಲೇ ಎವಲಿನ್ಸ್ ಹೋಲ್ ಅಂತ ಇನ್ನೊಂದು ಗುಹೆ ಬಾಯಿ ಇದೆ. ಅಲ್ಲಿ ಹತ್ತು ಸಾವಿರ ವರ್ಷ ಹಿಂದಿನ ಜನ ತಮ್ಮವರನ್ನು ಮಣ್ಣು ಮಾಡುತ್ತಿದ್ದರು. ಬ್ರಿಟನ್‌ನಲ್ಲಿ ಗೊತ್ತಿರುವ ಅತಿ ಹಳೆಯ ಸ್ಮಶಾನ ಅದು. ಕಾರು ನಿಲ್ಲಿಸಿ, ಓವರ್‌ಸೂಟ್ ಹಾಕಿಕೊಂಡು, ಪಕ್ಕದ ಸಣ್ಣ ಕಣಿವೆಯಲ್ಲಿ ಕಾಡುಬೆಳ್ಳುಳ್ಳಿಯ ವಾಸನೆ ನಡುವೆ ಹತ್ತಿದೆವು.

ಗೋಟ್‌ಚರ್ಚ್ ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗುವುದು ಕಲ್ಲು ಎಷ್ಟು ನುಣುಪು ಅಂತ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಸಾವಿರಾರು ಜನ ಕೂತು, ಜಾರಿ, ಕೈ ಊರಿ ಹೋಗಿದ್ದಾರೆ. ಹಳೇ ಗುಡಿಯ ಹೊಸ್ತಿಲ ಹಾಗೆ ಸವೆದಿದೆ. ಕೆಲವು ಕಡೆ ಕಾಲಿಡಲು ಹಿಡಿತವೇ ಸಿಗಲ್ಲ. 'ಮೂರು ಕಡೆ ಆಧಾರ ಇರಲಿ, ನಾಲ್ಕನೆಯದನ್ನು ಮಾತ್ರ ಎತ್ತು' ಅಂತ ಲೀಡರ್ ಹೇಳಿಕೊಟ್ಟರು. ಅವರು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದರು.

ಜೈಂಟ್ಸ್ ಸ್ಟೆಪ್ಸ್ ಅನ್ನೋ ದೊಡ್ಡ ಮೆಟ್ಟಿಲಿನಂಥ ಬಂಡೆಗಳ ಹತ್ತಿರ ಅವರು ನಿಂತು, ಲ್ಯಾಂಪನ್ನು ತಲೆಯಿಂದ ತೆಗೆದು, ಗೋಡೆಗೆ ಓರೆಯಾಗಿ ಹಿಡಿದರು. ನೇರ ಬೆಳಕಿಗೆ ಏನೂ ಕಾಣದ ಕಲ್ಲಿನ ಮೇಲೆ ನಿಧಾನವಾಗಿ ಗೆರೆಗಳು ಎದ್ದವು. ಇಂಗ್ಲಿಷಿನ ಎರಡು ವಿ ಅಕ್ಷರಗಳನ್ನು ಒಂದರ ಮೇಲೊಂದು ಹೆಣೆದ ಹಾಗೆ. ಕೆಟ್ಟದ್ದು ಹತ್ತಿರ ಬಾರದಿರಲಿ ಅಂತ ಹಲವು ನೂರು ವರ್ಷ ಹಿಂದೆ ಹಳ್ಳಿಯವರು ಕೊರೆದ ರಕ್ಷೆಯ ಗುರುತು. ಹಳೇ ಮನೆಗಳ ಬಾಗಿಲ ಮೇಲೆ, ಒಲೆಯ ತೊಲೆಯ ಮೇಲೆ ಇಂಥವೇ ಇರುತ್ತವಂತೆ. ನಮ್ಮ ಕಡೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದನ್ನು ನೋಡಿ ಬೆಳೆದವರಿಗೆ ಆ ಗೆರೆ ಯಾಕೆ ಅಲ್ಲಿದೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಾನು ಬೆರಳು ಮುಂದೆ ಚಾಚಿದ್ದನ್ನು ನೋಡಿ ಅವರು ತಲೆ ಅಲ್ಲಾಡಿಸಿದರು. ಮುಟ್ಟಬಾರದು. ಬೆರಳ ಎಣ್ಣೆ, ಮಣ್ಣು, ಎಲ್ಲವೂ ಸೇರಿ ಅದು ಬೇಗ ಅಳಿಸುತ್ತದೆ.

ಇನ್ನೂ ಕೆಳಗೆ ಡ್ರೈನ್‌ಪೈಪ್. ಗುಹೆಯ ಕೊನೆಯ ಕೋಣೆಗೆ ಹೋಗುವ ಕೊಳವೆಯಂಥ ದಾರಿ. ಹತ್ತು ಮೀಟರಿನಷ್ಟು ಉದ್ದ. ಮಲಗಿಕೊಂಡೇ ಹೋಗಬೇಕು. ಹೆಲ್ಮೆಟ್ ತೂರಿಸಲು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಬೇಕು. ಒಂದು ಕೈ ಮುಂದೆ, ಇನ್ನೊಂದು ಕೈ ಪಕ್ಕಕ್ಕೆ. ಆಗ ಭುಜದ ಅಗಲ ಕಡಿಮೆಯಾಗುತ್ತದೆ. ಕಾಲಿನ ತುದಿಯಿಂದ ತಳ್ಳಿದರೆ ನಾಲ್ಕು ಬೆರಳು ಮುಂದೆ. ಮತ್ತೆ ನಾಲ್ಕು ಬೆರಳು. ಮಧ್ಯದಲ್ಲಿ ಎದೆ ಕಲ್ಲಿಗೆ ತಾಗಿ ನಿಂತುಹೋಯಿತು. ಉಸಿರು ಎಳೆದುಕೊಂಡರೆ ಎದೆ ಇನ್ನೂ ಉಬ್ಬುತ್ತದೆ. ಮುಂದಿದ್ದ ನರ್ಸ್ ಶಾಂತವಾಗಿ ಹೇಳಿದರು: 'ಅವಸರ ಬೇಡ. ಉಸಿರು ಬಿಡು. ಪೂರ್ತಿ ಬಿಡು. ಈಗ ತಳ್ಳು.' ಉಸಿರು ಬಿಟ್ಟೆ. ಎದೆ ಇಳಿಯಿತು. ಮೈ ಜಾರಿ ಮುಂದೆ ಹೋಯಿತು.

ಆ ನಾಲ್ಕು ಮಾತು ಅವರಿಗೆ ಇನ್ಯಾರೋ ಹೇಳಿಕೊಟ್ಟಿದ್ದು. ಅವರಿಗೆ ಹೇಳಿಕೊಟ್ಟವರಿಗೆ ಮತ್ತೊಬ್ಬರು. ಯಂತ್ರ ಬದಲಾಗಿದೆ, ದೀಪ ಬದಲಾಗಿದೆ, ಬಟ್ಟೆ ಬದಲಾಗಿದೆ. ಇಕ್ಕಟ್ಟಿನಲ್ಲಿ ಉಸಿರು ಬಿಡು ಅನ್ನೋ ಮಾತು ಬಾಯಿಂದ ಬಾಯಿಗೆ ಬಂದಿದೆ. ಕ್ಲಬ್ ಅನ್ನೋದು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ದುಡ್ಡು ಕೊಟ್ಟು ಗೈಡ್ ಕರೆದುಕೊಂಡು ಹೋದರೂ ಇದೇ ಗುಹೆ ನೋಡಬಹುದು, ಅದೂ ಒಳ್ಳೆಯದೇ. ಆದರೆ ಕ್ಲಬ್‌ನವರು ನಮ್ಮನ್ನು ಕರೆದುಕೊಂಡು ಹೋಗುವುದು ಮುಂದೊಂದು ದಿನ ನಾವು ಇನ್ನೊಬ್ಬರನ್ನು ಕರೆದುಕೊಂಡು ಹೋಗಲಿ ಅಂತ. ಕಲಿಸುವ ರೀತಿಯೇ ಬೇರೆ ಇರುತ್ತದೆ. ವಾಪಸ್ ಬರುವಾಗ ದಾರಿ ಹುಡುಕುವ ಕೆಲಸ ನನಗೇ ಕೊಟ್ಟರು. ಹೋಗುವಾಗ ಹಿಂದಕ್ಕೆ ತಿರುಗಿ ನೋಡಿಕೊಳ್ಳುತ್ತಾ ಹೋಗು ಅಂತ ಮೊದಲೇ ಹೇಳಿದ್ದರು. ಗುಹೆಯಲ್ಲಿ ಹೋಗುವ ದಾರಿ ಬೇರೆ ಕಾಣುತ್ತದೆ, ಬರುವ ದಾರಿ ಬೇರೆ ಕಾಣುತ್ತದೆ.

ಸಂಜೆ ಹಟ್‌ನಲ್ಲಿ ಎಲ್ಲರಿಗೂ ಸೇರಿ ಅಡುಗೆ. ನಾನು ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆ. ಪಾತ್ರೆ ಖಾಲಿ.

ಭಾನುವಾರ

ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಹವಾಮಾನ ನೋಡಿದರು. ಮಳೆ ಇಲ್ಲ, ಹಿಂದಿನ ದಿನಗಳಲ್ಲೂ ಜಾಸ್ತಿ ಬಂದಿಲ್ಲ. ಹಾಗಾದರೆ ಸ್ವಿಲ್ಡನ್ಸ್ ಹೋಲ್.

ಮೆಂಡಿಪ್‌ನ ಅತಿ ಉದ್ದದ ಗುಹೆ ಅದು. ಒಂಬತ್ತು ಕಿಲೋಮೀಟರ್‌ಗಿಂತ ಜಾಸ್ತಿ. ಪ್ರಿಡಿ ಊರಿನ ಹಸಿರು ಬಯಲಿನ ಪಕ್ಕ ಬಟ್ಟೆ ಬದಲಾಯಿಸಿ, ಹೊಲದ ಮಾಲೀಕರಿಗೆ ಸಲ್ಲಬೇಕಾದ ಸಣ್ಣ ಶುಲ್ಕ ಹಾಕಿ, ಹಸು ಮೇಯುವ ಹೊಲ ದಾಟಿ ನಡೆದೆವು. ಒಂದು ಚಿಕ್ಕ ತೊರೆ. ಅದರ ಪಕ್ಕ ಮರಗಳ ನಡುವೆ ಒಂದು ಕಲ್ಲಿನ ಗೂಡು. ತೊರೆ ಅದರ ಕೆಳಗೆ ಹೋಗಿ ಮಾಯ.

ಈ ಮಾಯದ ಹಿಂದಿನ ಕಾರಣ ನನಗೆ ತುಂಬಾ ಇಷ್ಟವಾಯಿತು. ಬೆಟ್ಟದ ನೆತ್ತಿಯಲ್ಲಿ ಹಳೆಯ ಮರಳುಗಲ್ಲು ಇದೆ. ಅದು ನೀರು ಕುಡಿಯಲ್ಲ. ಮಳೆ ನೀರು ಅದರ ಮೇಲೆ ತೊರೆಯಾಗಿ ಹರಿದು ಬರುತ್ತದೆ. ಸುಣ್ಣದಕಲ್ಲು ಶುರುವಾಗುವ ಗೆರೆಗೆ ಬಂದ ಕೂಡಲೇ ಬಿರುಕಿನಲ್ಲಿ ಇಳಿದುಬಿಡುತ್ತದೆ. ಆ ಗೆರೆಯುದ್ದಕ್ಕೂ ಇಂಥ ನೀರು ನುಂಗುವ ಗುಂಡಿಗಳು. ಇವಕ್ಕೆ ಇಲ್ಲಿ ಸ್ವಾಲೆಟ್ ಅನ್ನುತ್ತಾರೆ. ಸ್ವಿಲ್ಡನ್ಸ್‌ನಲ್ಲಿ ಇಳಿದ ನೀರು ಬೆಟ್ಟದ ಕೆಳಗೇ ಹರಿದು, ದಕ್ಷಿಣದ ಬುಡದಲ್ಲಿ ವೂಕಿ ಹೋಲ್ ಅನ್ನೋ ಗುಹೆಯಿಂದ ಆಕ್ಸ್ ನದಿಯಾಗಿ ಹೊರಗೆ ಬರುತ್ತದೆ. ಆ ನೀರಿನ ಜೊತೆ ಪೂರ್ತಿ ದಾರಿ ಹೋಗಿ ಆ ಕಡೆ ಹೊರಬಂದವರು ಇನ್ನೂ ಯಾರೂ ಇಲ್ಲ. ಎರಡೂ ಕಡೆಯಿಂದ ಜನ ಪ್ರಯತ್ನ ಮಾಡುತ್ತಲೇ ಇದ್ದಾರೆ.

ಇಳಿದ ಕೂಡಲೇ ನೀರಿನ ಸದ್ದು. ಒಳಗೆ ವರ್ಷವಿಡೀ ಸುಮಾರು ಹತ್ತು ಡಿಗ್ರಿ. ನಿಂತರೆ ಚಳಿ, ನಡೆದರೆ ಸೆಕೆ. ಆರಂಭದಲ್ಲಿ ಒಣ ದಾರಿಯೂ ಇದೆ, ನೀರಿನ ದಾರಿಯೂ ಇದೆ. ನಾವು ಶಾರ್ಟ್ ಡ್ರೈ ವೇ ಹಿಡಿದು ಇಳಿದು, ವಾಟರ್ ಚೇಂಬರ್ ಹತ್ತಿರ ತೊರೆಗೆ ಸೇರಿಕೊಂಡೆವು. ಅಲ್ಲಿಂದ ಮುಂದೆ ನೀರಿನಲ್ಲೇ ನಡಿಗೆ. ಇಕ್ಕೆಲದಲ್ಲಿ ಎತ್ತರದ ಗೋಡೆ, ಕಾಲ ಕೆಳಗೆ ಜುಳುಜುಳು, ಅಲ್ಲಲ್ಲಿ ಪುಟ್ಟ ಜಲಪಾತ. ಮಾತಾಡಬೇಕಾದರೆ ಕೂಗಬೇಕು.

ಹಳೇ ನಕ್ಷೆಯಲ್ಲಿ ಇಲ್ಲಿ ಫಾರ್ಟಿ ಫುಟ್ ಪಾಟ್ ಅಂತ ಇದೆ. ನಲವತ್ತು ಅಡಿ ಜಲಪಾತ, ಏಣಿಯ ಮೇಲೆ ತಣ್ಣೀರು ಸುರಿಸಿಕೊಳ್ಳುತ್ತಾ ಇಳಿಯಬೇಕಿತ್ತು. 1968ರ ಜುಲೈನಲ್ಲಿ ಈ ಭಾಗಕ್ಕೆ ಭಾರಿ ಮಳೆ ಬಂದು ಪ್ರವಾಹ ನುಗ್ಗಿತು. ನೀರು ಗುಹೆಯ ಒಳಗೆ ಹೊಸ ದಾರಿ ಬಿಚ್ಚಿತು. ಈಗ ಆ ಜಲಪಾತ ಇಳಿಯುವ ಅಗತ್ಯವೇ ಇಲ್ಲ. ಭೂಮಿಯ ಕೆಲಸ ಲಕ್ಷ ವರ್ಷದ್ದು ಅಂತ ಓದಿಕೊಂಡವರಿಗೆ, ಒಂದೇ ರಾತ್ರಿಯಲ್ಲಿ ಗುಹೆ ಬದಲಾದ ಜಾಗದಲ್ಲಿ ನಿಲ್ಲುವುದು ಬೇರೆಯೇ ಅನುಭವ. ಮಳೆಯ ಬಗ್ಗೆ ಇವರು ಅಷ್ಟೊಂದು ಎಚ್ಚರ ಯಾಕೆ ಅಂತಲೂ ಅಲ್ಲೇ ತಿಳಿಯಿತು.

ಮುಂದೆ ಟ್ವೆಂಟಿ. ಇಪ್ಪತ್ತು ಅಡಿಯ ಇಳಿಜಲಪಾತ, ಇದು ಈಗಲೂ ಇದೆ. ಇದಕ್ಕೆ ಏಣಿ ಬೇಕೇ ಬೇಕು. ಕೇವಿಂಗ್ ಏಣಿ ಅಂದರೆ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುವಂಥದ್ದು. ಪಕ್ಕಗಳಿಗೆ ಸಪೂರ ಉಕ್ಕಿನ ತಂತಿ, ಮೆಟ್ಟಿಲಿಗೆ ಅಲ್ಯುಮಿನಿಯಂ ಕೊಳವೆ. ಒಂದು ಬೂಟಿನ ಅಗಲ ಮಾತ್ರ. ಲೀಡರ್ ಅದನ್ನು ಗೋಡೆಯ ಬೋಲ್ಟುಗಳಿಗೆ ಸಿಕ್ಕಿಸಿ ಕೆಳಕ್ಕೆ ಬಿಟ್ಟರು. ನನ್ನ ಸೊಂಟಕ್ಕೆ ಬೇರೆ ಹಗ್ಗ, ಲೈಫ್‌ಲೈನ್. ಅದರ ಇನ್ನೊಂದು ತುದಿ ಒಬ್ಬ ಪ್ಲಂಬರ್ ಕೈಯಲ್ಲಿ. ಹಗ್ಗ ಒಂದು ಕಾರಬೈನರ್ ಅನ್ನೋ ಲೋಹದ ಕೊಂಡಿಯ ಸುತ್ತ ಗಂಟಾಗಿ ಓಡುತ್ತದೆ. ನಾನು ಜಾರಿದರೆ ಆ ಗಂಟು ಬಿಗಿಯುತ್ತದೆ, ಅವರು ಹಿಡಿಯುತ್ತಾರೆ. ಹೊರಡುವ ಮುಂಚೆ ಅವರು ನನ್ನ ಬೆಲ್ಟಿನ ಕೊಂಡಿ ನೋಡಿದರು, ನಾನು ಅವರದು ನೋಡಿದೆ. ಹೊಸಬರು ಹಳಬರದ್ದನ್ನು ನೋಡಬೇಕು ಅನ್ನೋದು ಇಲ್ಲಿನ ಪದ್ಧತಿ. ಎಷ್ಟು ಅನುಭವ ಇದ್ದವರೂ ಇದರಿಂದ ಹೊರತಲ್ಲ.

ಏಣಿಗೆ ಎದುರಾಗಿ ನಿಂತು ಹತ್ತಿದರೆ ಕಾಲು ಮುಂದಕ್ಕೆ ಓಡುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಅದಕ್ಕೇ ಒಂದು ಕಾಲಿನ ಹಿಮ್ಮಡಿಯನ್ನು ಏಣಿಯ ಹಿಂದಿನಿಂದ ತರಬೇಕು. ಕೈಯನ್ನೂ ಹಿಂದಿನಿಂದ ಸುತ್ತಿ ಹಿಡಿಯಬೇಕು. ಆಗ ಏಣಿ ಮೈಗೆ ಅಂಟಿಕೊಳ್ಳುತ್ತದೆ. ಮರದ ಕೊಂಬೆಯ ಮೇಲೆ ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬಂತು. ಒಂದು ಭುಜದ ಮೇಲೆ ನೀರು ದಬದಬ ಬೀಳುತ್ತಿತ್ತು. ಕೆಳಗೆ ಕಾಲೂರಿದ ಮೇಲೆ ಹಗ್ಗ ಬಿಚ್ಚಿ, ಶಿಳ್ಳೆ ಊದಿದೆ. ನಿಲ್ಲು ಅನ್ನಲು ಒಂದು ಶಿಳ್ಳೆ, ಮೇಲಕ್ಕೆ ಎಳಿ ಅನ್ನಲು ಎರಡು, ಕೆಳಕ್ಕೆ ಬಿಡು ಅನ್ನಲು ಮೂರು. ಸದ್ದಿನಲ್ಲಿ ಮಾತು ಕೇಳಿಸದಿದ್ದರೂ ಶಿಳ್ಳೆ ಕೇಳಿಸುತ್ತದೆ.

ಡಬಲ್ ಪಾಟ್ಸ್ ಅನ್ನೋ ಎರಡು ಆಳದ ಗುಂಡಿಗಳನ್ನು ಅಂಚಿನಲ್ಲಿ ಕಾಲಿಟ್ಟು ದಾಟಿದೆವು. ಅದಾದ ಮೇಲೆ ಬಾರ್ನ್ಸ್ ಲೂಪ್. ತೊರೆ ಬಿಟ್ಟು ಸ್ವಲ್ಪ ಮೇಲೆ ಹತ್ತಿದರೆ ಸದ್ದು ಸಣ್ಣದಾಗುತ್ತದೆ. ಛಾವಣಿಯಿಂದ ಬಿಳಿ ಸುಣ್ಣದ ತೊಂಗಲುಗಳು. ಒಳಗೆ ಟೊಳ್ಳಾದ, ಪೆನ್ಸಿಲ್‌ಗಿಂತ ಸಪೂರವಾದ ಸ್ಟ್ರಾಗಳು. ತುದಿಯಲ್ಲಿ ಒಂದೊಂದು ಹನಿ. ಮಳೆ ನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕೊಂಚ ಹುಳಿಯಾಗುತ್ತದೆ, ಕಲ್ಲನ್ನು ಕರಗಿಸುತ್ತದೆ. ಗುಹೆಯ ಗಾಳಿ ತಾಗಿದಾಗ ಆ ಅನಿಲ ಹೊರಗೆ ಹೋಗುತ್ತದೆ, ಕರಗಿದ ಸುಣ್ಣ ಮತ್ತೆ ಗಟ್ಟಿಯಾಗುತ್ತದೆ. ಪ್ರತಿ ಹನಿ ಒಂದು ಉಂಗುರದಷ್ಟು ಸುಣ್ಣ ಬಿಟ್ಟು ಬೀಳುತ್ತದೆ. ಇಲ್ಲಿ ಯಾರೂ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ನಡೆಯುವುದಿಲ್ಲ, ಕೈಯಲ್ಲಿ ಹಿಡಿದು ಕೆಳಗಿಟ್ಟುಕೊಂಡೇ ಹೋಗುತ್ತಾರೆ. ಒಂದು ಸಲ ಮುರಿದರೆ ನಮ್ಮ ಕಾಲದಲ್ಲಿ ಮತ್ತೆ ಬೆಳೆಯಲ್ಲ.

ಟ್ರಾಟ್‌ಮನ್ಸ್ ಟೆಂಪಲ್ ದಾಟಿ ಕೊನೆಗೆ ಸಂಪ್ ಒಂದು. ಸಂಪ್ ಅಂದರೆ ಛಾವಣಿ ಇಳಿದು ನೀರಿಗೆ ಮುಟ್ಟಿ, ದಾರಿ ಪೂರ್ತಿ ಮುಳುಗಿದ ಜಾಗ. ಗೋಡೆಯ ಬುಡದಲ್ಲಿ ಕಂದು ನೀರು, ಅದರೊಳಕ್ಕೆ ಇಳಿದು ಹೋದ ಒಂದು ಹಗ್ಗ. ಅಷ್ಟೇ. ಆ ಕಡೆ ಗಾಳಿ ಇರುವುದು ಎರಡು ಮೀಟರಿಗಿಂತ ಕಡಿಮೆ ದೂರದಲ್ಲಿ. ಆದರೆ ಅದು ಗೊತ್ತಿಲ್ಲದ ಕಾಲವೂ ಇತ್ತು. 1930ರ ದಶಕದಲ್ಲಿ ಗ್ರಹಾಂ ಬಾಲ್ಕೂಂಬ್ ಮತ್ತು ಜಾಕ್ ಶೆಪರ್ಡ್ ಅನ್ನೋ ಇಬ್ಬರು ಇಲ್ಲಿಗೆ ಮತ್ತೆ ಮತ್ತೆ ಬಂದರು. ಸಿಡಿಮದ್ದಿಟ್ಟು ಛಾವಣಿ ಒಡೆಯಲು ನೋಡಿದರು, ಆಗಲಿಲ್ಲ. 1935ರಲ್ಲಿ ವೂಕಿ ಹೋಲ್ ಕಡೆಯಿಂದ, ಹಡಗಿನ ಕೆಲಸದವರು ಹಾಕುವ ತಾಮ್ರದ ಟೊಪ್ಪಿಯ ಭಾರದ ಡೈವಿಂಗ್ ಉಡುಪು ಹಾಕಿಕೊಂಡು ನೀರಿಗೆ ಇಳಿದರು. 1936ರಲ್ಲಿ ಶೆಪರ್ಡ್ ಈ ಸಂಪನ್ನು ದಾಟಿದರು, ಮನೆಯಲ್ಲಿ ತಾವೇ ತಯಾರಿಸಿದ ಸಾಧನ ಹಾಕಿಕೊಂಡು. ಜಗತ್ತಿನ ಕೇವ್ ಡೈವಿಂಗ್ ಚರಿತ್ರೆಯಲ್ಲಿ ಈ ಕಂದು ನೀರಿನ ಗುಂಡಿಗೆ ದೊಡ್ಡ ಜಾಗ ಇದೆ.

ನಮ್ಮಲ್ಲಿ ವೆಟ್‌ಸೂಟ್ ಹಾಕಿದ್ದ ಇಬ್ಬರು ದಾಟಲು ನಿಂತರು. ನಮ್ಮಂಥ ಹೊಸಬರಿಗೆ ಇವತ್ತಿಗೆ ಇಲ್ಲಿವರೆಗೆ. ಮೊದಲನೆಯವರು ನೀರಿನಲ್ಲಿ ಮಲಗಿ, ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು, ಆರಾಮಾಗಿ ಮೂರ್ನಾಲ್ಕು ಸಲ ಉಸಿರಾಡಿದರು. ಒಂದು ಸಲ ಎಲ್ಲರ ಮುಖ ನೋಡಿದರು. ತಲೆ ಮುಳುಗಿತು, ಬೆಳಕು ನೀರಿನೊಳಗೆ ಹಳದಿಯಾಯಿತು, ಬೂಟು ಕಂಡಿತು, ಅದೂ ಹೋಯಿತು. ಹಗ್ಗ ನಡುಗುತ್ತಿತ್ತು. ನಾನು ಹಗ್ಗದ ಮೇಲೆ ಕೈ ಇಟ್ಟೆ. ಕೆಲವೇ ಕ್ಷಣದಲ್ಲಿ ಆ ಕಡೆಯಿಂದ ಮೂರು ಸಲ ಜಗ್ಗಿದ್ದು ಕೈಗೆ ತಿಳಿಯಿತು. ಬಂಡೆಯ ಆ ಕಡೆ ಒಬ್ಬ ಮನುಷ್ಯ ಕ್ಷೇಮವಾಗಿದ್ದಾನೆ ಅನ್ನೋ ಸುದ್ದಿ ಹಗ್ಗದಲ್ಲಿ ಬಂತು. ಆಗ ಆದ ಖುಷಿಯನ್ನು ಹೇಗೆ ಹೇಳುವುದೋ ಗೊತ್ತಿಲ್ಲ.

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆ ನೆನಪಿದೆಯಲ್ಲ? 2018ರಲ್ಲಿ ಫುಟ್‌ಬಾಲ್ ತಂಡದ 12 ಹುಡುಗರು ಮತ್ತು ಕೋಚ್ ಸಿಕ್ಕಿಹಾಕಿಕೊಂಡಿದ್ದು. ಪಂಪಿಂಗ್ ಕೆಲಸಕ್ಕೆ ನಮ್ಮ ಕಿರ್ಲೋಸ್ಕರ್ ಕಂಪನಿಯ ಎಂಜಿನಿಯರ್‌ಗಳೂ ಹೋಗಿದ್ದರು. ಆ ಮಕ್ಕಳನ್ನು ಮೊದಲು ಕಂಡ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂತೆನ್ ಸೈನಿಕರಲ್ಲ. ಒಬ್ಬರು ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಇನ್ನೊಬ್ಬರು ಐಟಿ ಕೆಲಸದವರು. ವೀಕೆಂಡ್‌ನಲ್ಲಿ ಬ್ರಿಟನ್ನಿನ ತಣ್ಣನೆಯ ಸಂಪ್‌ಗಳಲ್ಲಿ ಕಲಿತವರು. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದ ವಿದ್ಯೆ ಇಂಥ ಹಟ್‌ಗಳಲ್ಲಿ ಬೆಳೆದಿದ್ದು ಅನ್ನೋದನ್ನು ನಾವು ಮರೆಯಬಾರದು.

ಹೊರಗೆ ಬಂದಾಗ ಹುಲ್ಲಿನ ವಾಸನೆ ಮೂಗಿಗೆ ಹೊಡೆಯಿತು. ಗುಹೆಯಲ್ಲಿ ಕೆಲವು ಗಂಟೆ ಇದ್ದರೆ ಸಾಕು, ಹುಲ್ಲಿಗೆ, ಹೂವಿಗೆ, ಹಸುವಿಗೆ ಎಷ್ಟು ವಾಸನೆ ಇದೆ ಅಂತ ಗೊತ್ತಾಗುತ್ತದೆ. ಹಟ್‌ಗೆ ಹೋಗಿ ಮೊದಲು ಮಾಡಿದ ಕೆಲಸ ಬೋರ್ಡಿನಲ್ಲಿ ನಮ್ಮ ಹೆಸರು ಅಳಿಸಿದ್ದು.

ಸೋಮವಾರ

ಮೈ ಕೈ ನೋವು, ಮೊಣಕೈ ನೀಲಿ. ಇವತ್ತು ಗುಹೆ ನೋಡುವುದಲ್ಲ, ಹುಡುಕುವುದು. ಇಲ್ಲಿನ ಕ್ಲಬ್‌ಗಳ ನಿಜವಾದ ಹುಚ್ಚು ಇದು. ಡಿಗ್ಗಿಂಗ್.

ಹೊಲದ ಮೂಲೆಯಲ್ಲಿ ಒಂದು ಗುಂಡಿ, ಮೇಲೆ ಕಬ್ಬಿಣದ ಮುಚ್ಚಳ. ಮಾಲೀಕರ ಒಪ್ಪಿಗೆ ಪಡೆದು ವರ್ಷಗಳಿಂದ ಅಗೆಯುತ್ತಿದ್ದಾರೆ. ತುದಿಯಲ್ಲಿ ಒಬ್ಬರು ಮಲಗಿ ಮಣ್ಣು ಕೀಳುತ್ತಾರೆ. ಅದು ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಮಾಡಿದ ತಟ್ಟೆಗೆ ಹೋಗುತ್ತದೆ, ತಟ್ಟೆಯನ್ನು ಹಗ್ಗದಲ್ಲಿ ಎಳೆಯುತ್ತಾರೆ, ಬಕೆಟ್‌ಗೆ ತುಂಬುತ್ತಾರೆ, ಕೈಯಿಂದ ಕೈಗೆ ಮೇಲೆ ಕಳಿಸುತ್ತಾರೆ. ನಾನು ಮಧ್ಯದಲ್ಲಿ ಕೂತಿದ್ದೆ. ಬಕೆಟ್ ಬರುತ್ತಿತ್ತು, ಹೋಗುತ್ತಿತ್ತು. ಆಮೇಲೆ ನನ್ನನ್ನೂ ತುದಿಗೆ ಕಳಿಸಿದರು. ಮಣ್ಣಿಗೂ ಛಾವಣಿಗೂ ನಡುವೆ ಅಂಗೈಯಷ್ಟು ಸಂದು. ಅಲ್ಲಿ ಮುಖ ಇಟ್ಟರೆ ಕೆನ್ನೆಗೆ ತಣ್ಣನೆ ಗಾಳಿ ತಾಗುತ್ತಿತ್ತು. ಗಾಳಿ ಬರುತ್ತಿದೆ ಅಂದರೆ ಮುಂದೆ ಖಾಲಿ ಜಾಗ ಇದೆ. ಆ ಗಾಳಿಯ ನಂಬಿಕೆಯ ಮೇಲೆ ಇಷ್ಟು ಜನ ರಜೆ ದಿನ ಮಣ್ಣು ಹೊರುತ್ತಿದ್ದಾರೆ. ನಂಬಿಕೆ ಸುಮ್ನೆ ಅಲ್ಲ. ಇಲ್ಲೇ ಹತ್ತಿರ ಚಾರ್ಟರ್‌ಹೌಸ್‌ನ ಅಪ್ಪರ್ ಫ್ಲಡ್ ಸ್ವಾಲೆಟ್‌ನಲ್ಲಿ ಹಾಗೇ ವರ್ಷಗಟ್ಟಲೆ ಅಗೆದು 2006ರಲ್ಲಿ ದೊಡ್ಡ, ಸುಂದರ ಭಾಗಕ್ಕೆ ದಾರಿ ಸಿಕ್ಕಿತು. ಜಿಬಿ ಕೇವ್ ಅನ್ನು 1939ರಲ್ಲಿ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದರು, ಗಾಡರ್ಡ್ ಮತ್ತು ಬಾರ್ಕರ್, ಅವರ ಹೆಸರಿನ ಮೊದಲ ಅಕ್ಷರಗಳೇ ಗುಹೆಗೆ.

ಮಧ್ಯಾಹ್ನ ಚಹಾ ಕುಡಿಯುವಾಗ ಭೂಗೋಳ ಮೇಷ್ಟ್ರು ಮೇಘಾಲಯದ ಮಾತು ತೆಗೆದರು. ಹಿಂದೆ ಅಲ್ಲಿಗೆ ಹೋಗಿ ಬಂದವರು. 1990ರ ದಶಕದ ಶುರುವಿನಿಂದ ಶಿಲ್ಲಾಂಗ್‌ನ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ ಜೊತೆ ಬ್ರಿಟನ್, ಯುರೋಪಿನ ಕ್ಲಬ್‌ಗಳ ಜನ ಸೇರಿ ಅಲ್ಲಿನ ಗುಹೆಗಳನ್ನು ಅಳೆಯುತ್ತಿದ್ದಾರೆ. ನೂರಾರು ಕಿಲೋಮೀಟರ್ ನಕ್ಷೆ ಆಗಿದೆ. ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾಟ್ ಪ್ರಾಹ್ 30 ಕಿಲೋಮೀಟರ್ ದಾಟುತ್ತದೆ. 2018ರಲ್ಲಿ ಅಳೆದ ಕ್ರೆಮ್ ಪುರಿ 24 ಕಿಲೋಮೀಟರ್‌ಗಿಂತ ಜಾಸ್ತಿ, ಮರಳುಗಲ್ಲಿನ ಗುಹೆಗಳಲ್ಲಿ ಜಗತ್ತಿಗೇ ಉದ್ದದ್ದು. ಚಿರಾಪುಂಜಿ ಹತ್ತಿರದ ಮಾಮ್ಲು ಗುಹೆಯ ಒಂದು ಸುಣ್ಣದ ಕಂಬದಲ್ಲಿ 4,200 ವರ್ಷ ಹಿಂದಿನ ಬರದ ಗುರುತು ಸಿಕ್ಕಿ, ಭೂಮಿಯ ಇತಿಹಾಸದ ಈಗಿನ ಕಾಲಕ್ಕೇ ಮೇಘಾಲಯನ್ ಅಂತ ಹೆಸರಿಟ್ಟಿದ್ದಾರೆ. ಮೇಷ್ಟ್ರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ. ನಮ್ಮ ದೇಶದ ಅಷ್ಟು ದೊಡ್ಡ ವಿಷಯದಲ್ಲಿ ನಮ್ಮ ಹುಡುಗ ಹುಡುಗಿಯರು ಇನ್ನೂ ಜಾಸ್ತಿ ಇರಬೇಕು ಅಂತ ಅನ್ನಿಸಿತು. ಟ್ರೆಕ್ಕಿಂಗ್‌ಗೆ ನಮ್ಮ ಕರ್ನಾಟಕದಲ್ಲಿ ಎಷ್ಟೊಂದು ಗುಂಪುಗಳಿವೆ. ಅವರಲ್ಲಿ ಕೆಲವರಾದರೂ ಹಗ್ಗ, ನಕ್ಷೆ, ರಕ್ಷಣೆ ಸರಿಯಾಗಿ ಕಲಿತು ಶಿಲ್ಲಾಂಗ್ ಕಡೆ ಹೊರಟರೆ ಎಷ್ಟು ಚೆನ್ನ. ಆದರೆ ಯಾಣ, ಕವಳೆಯಂಥ ಜಾಗಗಳಲ್ಲಿ ಕಲಿಯದೆ, ಹೇಳದೆ, ಒಂದು ಮೊಬೈಲ್ ಟಾರ್ಚ್ ಹಿಡಿದು ಒಳಗೆ ನುಗ್ಗುವುದು ಬೇಡವೇ ಬೇಡ.

ಹೊರಡುವ ಮುಂಚೆ ಅಂಗಳದಲ್ಲಿ ಎಲ್ಲರೂ ಸೇರಿ ಸಾಮಾನು ತೊಳೆದೆವು. ಹಗ್ಗವನ್ನು ಅಡಿ ಅಡಿ ಕೈಯಲ್ಲಿ ಸವರಿ, ಎಲ್ಲಾದರೂ ಸವೆದಿದೆಯಾ ನೋಡಿ, ನೆರಳಿನಲ್ಲಿ ಒಣಗಲು ಹಾಕಿದೆವು. ಏಣಿಯ ತಂತಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಅದನ್ನು ಪಕ್ಕಕ್ಕೆ ಇಡುತ್ತಾರೆ. ಕಾರ್ಯದರ್ಶಿ ಸದಸ್ಯತ್ವದ ಫಾರಂ ಕೊಟ್ಟರು. ಬ್ರಿಟಿಷ್ ಕೇವಿಂಗ್ ಅಸೋಸಿಯೇಷನ್ನಿನ ವಿಮೆಯೂ ಅದರ ಜೊತೆಗೇ ಬರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಕೂತು ತುಂಬಿದೆ. ನರ್ಸ್ ಮತ್ತು ಪ್ಲಂಬರ್ ಇಬ್ಬರೂ ಶಿಫಾರಸಿನ ಸಹಿ ಹಾಕಿದರು.

ಮುಂದಿನ ಕಾರ್ಯಕ್ರಮ ಆಗಸ್ಟ್‌ನಲ್ಲಿ, ಯಾರ್ಕ್‌ಷೈರಿನ ಗೇಪಿಂಗ್ ಗಿಲ್. ಸುಮಾರು 100 ಮೀಟರ್ ಆಳದ ಬಾವಿಯಂಥ ಗುಹೆ, 1895ರಲ್ಲಿ ಫ್ರಾನ್ಸಿನ ಮಾರ್ಟೆಲ್ ಹಗ್ಗದ ಏಣಿ ಕಟ್ಟಿ ಮೊದಲು ಇಳಿದದ್ದು. ವರ್ಷಕ್ಕೆರಡು ಸಲ ಅಲ್ಲಿನ ಕ್ಲಬ್‌ಗಳು ವಿಂಚ್ ಹಾಕಿ ಸಾರ್ವಜನಿಕರನ್ನೂ ಇಳಿಸುತ್ತವೆ, ಮೇ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ಲೀಡ್ಸ್, ಬ್ರಾಡ್‌ಫರ್ಡ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡದವರು ಯಾರಾದರೂ ಬರುವ ಹಾಗಿದ್ದರೆ ಬೆಚ್ಚನೆ ಬಟ್ಟೆ, ಮಳೆ ಕೋಟು, ಗಟ್ಟಿ ಬೂಟು ತನ್ನಿ. ಕ್ಲಾಪಮ್ ಹಳ್ಳಿಯಿಂದ ಒಂದೂವರೆ ಗಂಟೆ ಏರು ನಡಿಗೆ ಇದೆ.